ಜಟ್ಟಿ ನಾಯ್ಕರ ಮರದ ನೆಂಟರು

ಬೆಳಕು ಇನ್ನೂ ತೆಂಗಿನ ತಲೆಯಿಂದ ಕೆಳಗಿಳಿದಿಲ್ಲ. ಭಟ್ಕಳದ ಬಳಿಯ ಮುಟ್ಟಳ್ಳಿಯಲ್ಲಿ, ಗದ್ದೆಯಂಚಿನ ಹಂಚು ಹೊದಿಸಿದ ಮಾಡಿನಡಿ ಕುರ್ಚಿ, ಮೇಜು, ಸ್ಟೂಲುಗಳೆಲ್ಲ ಕಾಲು ಮೇಲೆ ಮಾಡಿ ಮಲಗಿವೆ. ಅವುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತ ಜಟ್ಟಿ ನಾಯ್ಕರು ಹಳೆಯ ಸಾಗವಾನಿ ಕುರ್ಚಿಯೊಂದರ ಪಾದವನ್ನು ಉಗುರಿನಿಂದ ಕೆರೆಯುತ್ತಾರೆ, ಮೂಗಿಗೆ ಹಿಡಿಯುತ್ತಾರೆ, ತಲೆಯಾಡಿಸುತ್ತಾರೆ.

“ಮುಖ ಎಲ್ಲಾ ಕುರ್ಚಿದೂ ಚೆಂದವೇ. ಪಾಲಿಶ್ ಹೊಡದ್ರೆ ನನ್ನ ಮುಖನೂ ಚೆಂದ ಕಾಣ್ತದೆ. ಕಾಲು ನೋಡ್ಬೇಕು ಮಾರಾಯ್ರೆ. ನೀರು, ಹುಳ, ಸುಳ್ಳು, ಮೂರೂ ಹತ್ತೂದು ಕಾಲಿಂದ್ಲೇ.”

“ನಿಮ್ಮ ಮುಖಕ್ಕೆ ಎಷ್ಟು ಕೋಟು ಬೇಕು ಅಂತ ನಂಗೆ ಗೊತ್ತಿತ್ತು,” ಎನ್ನುತ್ತಾರೆ ಅರಗಿನ ಪಾಲಿಶಿನ ಡಬ್ಬಿ ಕಲಕುತ್ತಿರುವ ಹೆಂಡತಿ ಕಮಲಿ. ಮರಕ್ಕೆ ಮೈ ತೊಳೆದು ಬಣ್ಣ ಬರಿಸುವುದು ಅವರ ಕೆಲಸ. ಗಂಡನಿಗೆ ಮಾತಿನಲ್ಲಿ ಮರಳುಕಾಗದ ತಿಕ್ಕುವುದೂ ಅವರದೇ ಪಾಲು.

ಇವತ್ತು ಜಟ್ಟಿಯವರಿಗೆ ಒಂದೇ ಚಿಂತೆ. ಕುಮಟೆಯಲ್ಲಿ ಮಾಲಿನಿ ಎಂಬವರ ಹೊಸ ತಾರಸಿ ಮನೆಯಿದೆ. ಎದುರಿನ ಕೋಣೆಯಲ್ಲಿ ಕುಂಕುಮ ಬಣ್ಣದ ದೊಡ್ಡ ಸೋಫಾ ಬಂದು ಕೂತಿದೆ. ಆದರೆ ಅವರ ಅತ್ತೆ ಮಹಾಲಕ್ಷ್ಮೀ ಮಾತ್ರ ಆ ಕೋಣೆಗೆ ಬಂದು ಕೂರುತ್ತಿಲ್ಲ. ಹಳೆಯ ಮನೆಯ ಜಗಲಿಯಲ್ಲಿ ಕೂತು ದಾರಿಹೋಕರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸು, ಈಗ ಅಡುಗೆಮನೆ ಹೊಸ್ತಿಲಿನ ಆಚೆಗೇ ಉಳಿದುಬಿಟ್ಟಿದ್ದಾರೆ. “ಸೊಸೆ ಹೊಸ ಮನೆ ಕಟ್ಟಿ ಅತ್ತೇನ ಒಳಗೆ ಹಾಕಿದ್ಲು” ಎಂದು ನೆರೆಯವರು ಆಡಿಕೊಂಡದ್ದು ಮಾಲಿನಿಯ ಕಿವಿಗೂ ಬಿದ್ದಿದೆ. ಅತ್ತೆ ಎದುರಿಗೆ ಬಂದು ಕೂರುವಂಥದ್ದು ಒಂದು ಬೇಕು, ಹಳೆಯದೋ ಹೊಸದೋ ಎಂಬುದು ಮುಖ್ಯವಲ್ಲ ಎಂದು ಅವರು ಜಟ್ಟಿಯವರನ್ನು ಕರೆಸಿದ್ದರು.

ಇಂಥ ಕೆಲಸಕ್ಕೆ ಅಂಗಡಿಯ ಬೋರ್ಡು ಇರುವುದಿಲ್ಲ. ಜಟ್ಟಿ ಹದಿಹರೆಯದಲ್ಲಿ ಹೊನ್ನಾವರದ ಮರದ ಡಿಪೋದಲ್ಲಿ ದಿಮ್ಮಿ ಹೊತ್ತವರು. ಬೆನ್ನು ಸೋತ ಮೇಲೆ ಮನೆ ಸಾಮಾನು ಸಾಗಿಸುವ ಕೆಲಸಕ್ಕೆ ಬಂದರು. ಭಟ್ಕಳದಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವ ಹುರುಪಿನ ಕಾಲವದು. ಒಳಗಿಂದ ಬೀಟೆಯ ಕಪಾಟು ಹೊರಗೆ, ಹೊರಗಿಂದ ಪ್ಲೈವುಡ್ಡಿನ ಕಪಾಟು ಒಳಗೆ. ಒಂದು ಮನೆಗೆ ಭಾರವಾದದ್ದು ಇನ್ನೊಂದು ಮನೆಯಲ್ಲಿ ಹುಡುಕಿದರೂ ಸಿಗದ ವಸ್ತು ಎಂಬುದು ಹೊರುತ್ತ ಹೊರುತ್ತ ಅವರಿಗೆ ತಿಳಿಯಿತು. ಬೇಡವಾದದ್ದನ್ನು ಕೊಂಡು ಸರಿಮಾಡಿ, ಬೇಕಾದ ಮನೆಗೆ ಮಾರುವುದೇ ಕಸುಬಾಯಿತು. ರೈಲು ಬಂದ ಮೇಲೆ ಊರೂರಿನ ಸೋಫಾ ಬಂತು, ಅದರ ಹಿಂದೆಯೇ ಪ್ಲಾಸ್ಟಿಕ್ ಕುರ್ಚಿ ಬಂತು. ಒಂದೆರಡು ಮಳೆಗಾಲ ಮಾಡಿನಡಿಯ ಸಾಮಾನು ಕದಲಲೇ ಇಲ್ಲ. ಕಮಲಿ ಪಾಲಿಶ್ ಬಿಟ್ಟು ಗದ್ದೆ ನಾಟಿಗೆ ಹೋದರು. ಆದರೂ ಜಟ್ಟಿ ಒಂದು ಪದ್ಧತಿ ಬಿಡಲಿಲ್ಲ.

“ನಮ್ಮ ಸಾಮಾನು ಮೊದ್ಲು ನೆಂಟ. ಎಂಟು ದಿವ್ಸ ನಿಮ್ಮನೇಲಿ ಇರ್ಲಿ. ಹೊಂದಿದ್ರೆ ಮನೆಯವ ಆತದೆ, ಇಲ್ದಿದ್ರೆ ನಾ ಬಂದು ಕರ್ಕಂಡು ಹೋತೆ. ಅಲ್ಲಿವರೆಗೆ ವ್ಯಾಪಾರದ ಮಾತು ಬೇಡ.”

ಹಳೆಯದೆಂದರೆ ಕಣ್ಣುಮುಚ್ಚಿ ಹೊಗಳುವವರಲ್ಲ ಅವರು. ಹೊನ್ನಾವರದ ಶ್ರೀಧರ ಮೇಸ್ಟ್ರು ಮನೆ ತುಂಬ ಹಳೇ ಸಾಮಾನೇ ಬೇಕೆಂದಾಗ ತಡೆದವರು ಇವರೇ. “ಹಳೇದೊಂದು ಇದ್ರೆ ಮನೇಲಿ ಅಜ್ಜ ಇದ್ದಂಗೆ. ಎಲ್ಲಾ ಹಳೇದೇ ಆದ್ರೆ ಮನೆ ತುಂಬಾ ಅಜ್ಜಂದಿರು. ನೀರು ತರೂಕೆ ಯಾರನ್ನ ಕಳ್ಸೂದು?” ಕರಾವಳಿಯ ಗಾಳಿಯಲ್ಲಿ ಮರ ಆಷಾಢಕ್ಕೆ ಉಬ್ಬುತ್ತದೆ, ಮಾಘಕ್ಕೆ ಕುಗ್ಗುತ್ತದೆ. ಹಳೆಯ ಮರ ಈ ಉಬ್ಬರವಿಳಿತವನ್ನು ನೂರು ಸಲ ಕಂಡು ಸುಮ್ಮನಾಗಿರುತ್ತದೆ. ಹೊಸ ಮರದ ಡ್ರಾವರಿಗೆ ಬೇಸಿಗೆಯಲ್ಲೇ ಉಸಿರಾಡಲು ಸಂದು ಬಿಡಬೇಕು. ಮೋಟು ಮಾಳಿಗೆಯ ಮನೆಗೆ ತಲೆಯ ಮೇಲೆ ಕೆತ್ತನೆಯ ಕಿರೀಟವಿರುವ ಕಪಾಟು ಬೇಡ. ಬೇಕೇ ಬೇಕೆಂದು ಹಟ ಹಿಡಿದವರಿಗೆ ಅವರು ಹೇಳುವುದು, “ಕಿರೀಟ ಕೊಯ್ಯೂದಿಲ್ಲ. ಬೇಕಾದ್ರೆ ಮಾಳಿಗೆ ಎತ್ರ ಮಾಡಿ.”

ಇಷ್ಟೆಲ್ಲ ಬಲ್ಲವರು ಮಹಾಲಕ್ಷ್ಮೀಯವರ ವಿಷಯದಲ್ಲಿ ಎರಡು ಸಲ ಸೋತಿದ್ದಾರೆ. ಮೊದಲು ಒಯ್ದದ್ದು ಕೆತ್ತನೆಯ ಬೀಟೆ ಕುರ್ಚಿ. ಕೂತ ಮಹಾಲಕ್ಷ್ಮೀಯವರ ಕಾಲು ನೆಲ ಮುಟ್ಟಲಿಲ್ಲ. “ಎಂತದಾ ಇದು, ಶ್ಯಾನುಭಾಗರ ಗದ್ದಿಗೆ! ಯಾರಾದ್ರೂ ಅರ್ಜಿ ಹಿಡ್ಕಂಡು ಬಂದ್ರೆ ನಾ ಎಂತ ಮಾಡೂದು?” ಎಂದು ಇಳಿದುಬಿಟ್ಟರು. ಎರಡನೆಯದು ಬೆತ್ತದ ಹೊಸ ಕುರ್ಚಿ. ಎತ್ತರ ಸರಿಯಾಗಿತ್ತು. ಎಂಟು ದಿನ ಬಿಟ್ಟು ಹೋದರೆ ಅದರ ಮೇಲೆ ಮಡಿಸಿದ ಸೀರೆಗಳು ಕೂತಿದ್ದವು. “ಜಟ್ಟಿ, ನಿನ್ನ ನೆಂಟರು ಎರಡು ಸಲ ಬಂದು ಉಂಡು ಹೋದ್ರು,” ಎಂದಿದ್ದರು ಮಾಲಿನಿ, ನಗುತ್ತಲೇ. ಆ ನಗು ಜಟ್ಟಿಯವರಿಗೆ ಚುಚ್ಚಿದೆ. ಆದ್ದರಿಂದಲೇ ಈ ಬೆಳಗ್ಗೆ ಸಾಗವಾನಿ ಕುರ್ಚಿಯ ಕಾಲು ಪರೀಕ್ಷೆ.

ಅಷ್ಟರಲ್ಲಿ ಪೇಟೆಯ ಫೋನ್ ಬೂತಿನ ತ್ರ್ಯಂಬಕ ಪೈಗಳು ಸೈಕಲ್ ಮೇಲೆ ಬರುತ್ತಾರೆ. ಕುಮಟೆಯಿಂದ ಮಾಲಿನಿಯವರ ಫೋನು ಬಂದಿತ್ತಂತೆ, ಲೈನು ಬರೀ ಕರಕರ. “ಕುರ್ಚಿ ಬೇಡಂತೆ ಮಾರಾಯ. ಬಾಂಕು ಅಂತೆ.”

ಪೈಗಳ ಮನೆಮಾತು ಕೊಂಕಣಿ. ಅಲ್ಲಿ ಬಾಂಕು ಎಂದರೆ ಕೂರುವ ಬೆಂಚು. ಈ ಕಡೆಯ ಕನ್ನಡದವರ ಬಾಯಲ್ಲೂ ಅದೇ. ಜಟ್ಟಿ ಮಾಡಿನ ಮೂಲೆಗೆ ನೋಡುತ್ತಾರೆ. ಹೊನ್ನಾವರದ ಹೆದ್ದಾರಿ ಬದಿಯಲ್ಲಿ ಮುಚ್ಚಿದ ಚಾ ಹೋಟೆಲಿನ ಹಲಸಿನ ಬೆಂಚೊಂದು ಅಲ್ಲಿದೆ. ಒರಗಲು ಬೆನ್ನು ಇದೆ, ಕೂತವರ ಭಾರಕ್ಕೆ ಹಲಗೆ ಅಲ್ಲಲ್ಲಿ ತಗ್ಗಾಗಿದೆ. ಇದನ್ನು ಯಾರ ಮನೆಗೂ ತೋರಿಸಿದ್ದೇ ಇಲ್ಲ.

“ಸೋಫಾ ಇಟ್ಟ ಕೋಣೆಗೆ ಹೋಟ್ಲ ಬಾಂಕಾ?” ಕಮಲಿಗೆ ನಗು ತಡೆಯದು. “ಜೊತಿಗೆ ಭಜಿನೂ ಕಟ್ಟಿ ಕೊಡ್ಲಾ?”

“ಕೇಳಿದ್ದು ಅವ್ರು. ಹೊರೂದು ನಾನು,” ಎಂದು ಜಟ್ಟಿ ಬೆಂಚನ್ನು ಎಂದಿನಂತೆ ಬಾಡಿಗೆಗೆ ಬರುವ ವಿನೋದನ ಟೆಂಪೋಗೆ ಏರಿಸುತ್ತಾರೆ.

ಕುಮಟೆ ತಲುಪುವಾಗ ಮಾಲಿನಿ ಕೆಲಸಕ್ಕೆ ಹೋಗಿಯಾಗಿದೆ. ಬೆಂಚನ್ನು ಸೋಫಾದ ಎದುರು ಗೋಡೆಗೆ ಒತ್ತಿ ಇಡುತ್ತಾರೆ. ಮಹಾಲಕ್ಷ್ಮೀ ಹೊಸ್ತಿಲಿನಿಂದಲೇ ನೋಡಿ, “ಇನ್ನೊಂದು ತಂದ್ಯಾ?” ಎಂದು ನಿಟ್ಟುಸಿರು ಬಿಡುತ್ತಾರೆ.

ಆಗ ತರಕಾರಿ ಮಾರುವ ಲಕ್ಕಿ ಬರುತ್ತಾಳೆ. ದಿನಾ ಮೆಟ್ಟಿಲ ಮೇಲೆ ಇಳಿಸುವ ಬುಟ್ಟಿಯನ್ನು, ತೆರೆದ ಬಾಗಿಲೊಳಗೆ ಬೆಂಚು ಕಂಡದ್ದೇ ಅದರ ಒಂದು ತುದಿಗೆ ಇಳಿಸಿ, ಪಕ್ಕದಲ್ಲಿ ಧೊಪ್ಪನೆ ಕೂರುತ್ತಾಳೆ. “ಅಮಾ, ಹರಿವೆ ಸೊಪ್ಪು ಎಳೇದದೆ, ಬಂದು ನೋಡಿ.” ಮಹಾಲಕ್ಷ್ಮೀ ಬರುತ್ತಾರೆ. ಸೊಪ್ಪು ಮುರಿದು ನೋಡುತ್ತಾರೆ. ನೋಡುತ್ತ ನೋಡುತ್ತ ಇನ್ನೊಂದು ತುದಿಗೆ ಕೂತು, ಒಂದು ಕಾಲು ಮಡಿಸಿ ಮೇಲಿಟ್ಟುಕೊಳ್ಳುತ್ತಾರೆ. ಲಕ್ಕಿಯ ಮಗಳ ಬಾಣಂತನದಿಂದ ಶುರುವಾದ ಮಾತು ಬಾಡದ ಬಸಳೆಯ ಬಳ್ಳಿಯಂತೆ ಹಬ್ಬುತ್ತದೆ.

ಜಟ್ಟಿ ಮೆಲ್ಲಗೆ ಕೇಳುತ್ತಾರೆ, “ಅಮಾ, ಆ ಕುರ್ಚಿಗಳಾಗೆ ಎಂತ ತಪ್ಪಿತ್ತು?”

“ಕುರ್ಚೀದೆಂತ ತಪ್ಪು? ಅದ್ರಾಗೆ ನಾ ಒಬ್ಳು ಮೇಲೆ ಕೂತ್ರೆ ಇವ್ಳು ನೆಲದಾಗೆ ಕೂರ್ಬೇಕು. ತಲೆ ಬಗ್ಸಿ ಬಗ್ಸಿ ಎಂತ ಮಾತಾಡೂದು? ಸೋಫಾದಾಗೆ ಕೂರು ಅಂದ್ರೆ ಇವ್ಳು ಕೂರೂದಿಲ್ಲ, ಸೀರೆ ಮಣ್ಣಂತೆ.”

“ಆ ಸೋಫಾ ಕಂಡ್ರೆ ಕೈ ಮುಗಿಯೂಕೆ ಆತದೆ, ಕೂರೂಕೆ ಆತಿಲ್ಲ,” ಎನ್ನುತ್ತಾಳೆ ಲಕ್ಕಿ.

ಕುರ್ಚಿಯ ಎತ್ತರ, ಆಳ, ತೋಳು ಎಲ್ಲ ಅಳೆದಿದ್ದ ಜಟ್ಟಿ ಪಕ್ಕದ ಜಾಗವನ್ನು ಅಳೆದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಮಾಲಿನಿ ಬಾಗಿಲಲ್ಲೇ ನಿಲ್ಲುತ್ತಾರೆ. ಅವರು ಕೆಲಸ ಮಾಡುವುದು ಸಹಕಾರಿ ಬ್ಯಾಂಕಿನಲ್ಲಿ. “ಎಂತ ಮಾಡಿದ್ಯೋ ಜಟ್ಟಿ! ಕುರ್ಚಿ ಸಾಕು, ಒಮ್ಮೆ ಬ್ಯಾಂಕಿಗೆ ಬಾ, ಮಾತಾಡ್ವ ಅಂತ ಹೇಳ್ಕಳ್ಸಿದ್ರೆ ಬಾಂಕೇ ಹೊತ್ಕಂಡು ಬಂದ್ಯಾ?” ಬೈಯಲು ತೆರೆದ ಬಾಯಿ ಅತ್ತೆ ಎಲ್ಲಿ ಕೂತಿದ್ದಾರೆ ಎಂದು ಕಂಡದ್ದೇ ಹಾಗೇ ನಗುವಾಗುತ್ತದೆ. ಆದರೂ ಒಂದು ಅನುಮಾನ. “ಈ ಸೋಫಾಕ್ಕೂ ಇದಕ್ಕೂ ಜೋಡಿ ಆತದ್ಯಾ?”

“ಜೋಡಿ ಆಗೂದು ಬೇಡ ಅಕ್ಕೋರೆ. ಜಗಳ ಆಗ್ದಿದ್ರೆ ಆತು. ಕಮಲಿ ಬಂದು ಎರಡು ಕೋಟು ಹೊಡೀತಾಳೆ, ಬಣ್ಣ ಹತ್ರ ಹತ್ರ ಬತ್ತದೆ.”

ಎಂಟನೆಯ ದಿನ ಜಟ್ಟಿ ಮತ್ತೆ ಕುಮಟೆಗೆ ಹೋಗುತ್ತಾರೆ. ದಾರಿಗೇ ಮಹಾಲಕ್ಷ್ಮೀಯವರ ದನಿ ಕೇಳುತ್ತದೆ. ಬೆಂಚಿನ ಮೇಲೆ ಅವರು, ಲಕ್ಕಿ, ಲಕ್ಕಿಯ ಬುಟ್ಟಿ, ಅಂದು ಆಡಿಕೊಂಡಿದ್ದ ನೆರೆಮನೆಯ ಸುಮತಿ. ಹಲಗೆಯಲ್ಲಿ ಬೆರಳಗಲ ಜಾಗವಿಲ್ಲ. “ಬಾ ಜಟ್ಟಿ, ಅಲ್ಲಿ ಸೋಫಾದಾಗೆ ಕೂರು,” ಎಂದು ಮಹಾಲಕ್ಷ್ಮೀ ಕೈ ತೋರಿಸಿ ಮಾತಿಗೆ ಮರಳುತ್ತಾರೆ.

ಜಟ್ಟಿ ಕೂರುವುದಿಲ್ಲ. ಬಾಗಿಲಿಗೆ ಒರಗಿ ಚಾ ಕುಡಿಯುತ್ತ ಮೂವರನ್ನೂ ಬುಟ್ಟಿಯನ್ನೂ ನೋಡುತ್ತ ನಿಲ್ಲುತ್ತಾರೆ. ಹೊರಗೆ ಟೆಂಪೋದಲ್ಲಿ ಕಾಯುತ್ತಿದ್ದ ವಿನೋದ, “ಎಂತಾತು? ವಾಪಸ್ ಹೊರೂದಾ?” ಎಂದು ಕೇಳುತ್ತಾನೆ.

“ಎಲ್ಲಿ ಹೊರೂದು ಮಾರಾಯಾ,” ಎನ್ನುತ್ತಾರೆ ಜಟ್ಟಿ ನಾಯ್ಕರು, ಟೆಂಪೋ ಏರುತ್ತ. “ನಂಗೇ ಕೂರೂಕೆ ಜಾಗ ಕೊಡ್ಲಿಲ್ಲ.”