ಸಾವಿತ್ರಮ್ಮನವರ ದನಿ ಇಳಿದದ್ದು

೨೦೧೪ರ ಒಂದು ಭಾನುವಾರ, ತಿಂಡಿ ಮುಗಿದ ಹೊತ್ತಿನಲ್ಲಿ, ನಾನು ಮತ್ತಿಕೆರೆಯಲ್ಲಿ ಗೆಳೆಯ ಅಲ್ತಾಫನ ರೆಕಾರ್ಡಿಂಗ್ ಕೋಣೆಯ ಎಡಗಡೆ ಸ್ಪೀಕರಿನ ಪಕ್ಕ ನಿಂತಿದ್ದೆ. ಮುಂದಿನದನ್ನು ನೀವು ನಂಬದಿರಬಹುದು. ನಿಂತ ಜಾಗದ ಬಗ್ಗೆಯಾದರೂ ತಕರಾರು ಬೇಡವೆಂದು ಇಷ್ಟು ವಿವರ.

ಹಾಡು ರೆಕಾರ್ಡ್ ಮಾಡಿ ತಿದ್ದುವ ಹುಚ್ಚು ಇಬ್ಬರಿಗೂ ಒಂದೇ. ಸಾಫ್ಟ್‌ವೇರ್ ಮಾತ್ರ ಬೇರೆ ಬೇರೆ. ಅವನದು ಛತ್ರದ ಸೀರಿಯಲ್ ಲೈಟಿನಂತೆ ಮಿನುಗುತ್ತದೆ, ಆಗಾಗ ತಾನೇ ಮುಚ್ಚಿಕೊಳ್ಳುತ್ತದೆ. ನನ್ನದರ ಮುಖ ಸರ್ಕಾರಿ ಕಚೇರಿಯದು, ಆದರೆ ಕೆಲಸ ಕೆಡಿಸಿದ್ದಿಲ್ಲ. ಯಾವುದು ಮೇಲೆಂದು ವಾದಿಸಿದ ಹೊತ್ತಿನಲ್ಲಿ ನಾವು ಒಂದಿಷ್ಟು ಹಾಡನ್ನಾದರೂ ಮುಗಿಸಬಹುದಿತ್ತು. ಒಂದರ ಪ್ರಾಜೆಕ್ಟ್ ಫೈಲನ್ನು ಇನ್ನೊಂದು ತೆರೆಯುವುದೇ ಇಲ್ಲ. ಬರಿಯ ದನಿಯ ಫೈಲನ್ನಷ್ಟೇ ಒಯ್ಯಬಹುದು. ಬಾಡಿಗೆ ಮನೆ ಬದಲಿಸಿದ ಹಾಗೆ: ಪಾತ್ರೆಗಳೆಲ್ಲ ಬರುತ್ತವೆ, ಯಾವುದು ಯಾವ ಗೂಡಿನಲ್ಲಿತ್ತೆಂಬುದು ಬರುವುದಿಲ್ಲ.

ಅಂದು ಪೆನ್‌ಡ್ರೈವಿನಲ್ಲಿ ಒಯ್ದದ್ದು ರಾಜಾನುಕುಂಟೆಯ ನಮ್ಮ ಚಿಕ್ಕಮ್ಮ ಸಾವಿತ್ರಮ್ಮ ಹಾಡಿದ ಅರಿಶಿನದ ಪದ. ಮರುದಿನ ಅವರ ಅಕ್ಕನ ಮಗಳು ಕಾವ್ಯಳಿಗೆ ಅರಿಶಿನ ಶಾಸ್ತ್ರ. ಊರಿನ ಮದುವೆಗಳಲ್ಲೆಲ್ಲ ಆ ಪದ ಹೇಳುತ್ತಿದ್ದವರು ಆ ಅಕ್ಕನೇ. ಅವರು ತೀರಿಕೊಂಡಿದ್ದರು. ಅವರ ಮಗಳಿಗೇ ಪದವಿಲ್ಲದ ಶಾಸ್ತ್ರವಾಗಬಾರದು. ಆ ಗಳಿಗೆಯಲ್ಲಿ ತಮ್ಮ ಗಂಟಲು ಕಟ್ಟುವುದೂ ಖಂಡಿತ ಎಂದು ಚಿಕ್ಕಮ್ಮ ಮೊದಲೇ ಯಲಹಂಕದ ನನ್ನ ಮನೆಗೆ ಬಂದು ಹಾಡಿಟ್ಟಿದ್ದರು. ಹಾಡಿನ ಹಿಂದೆ ಸೇರಿಕೊಂಡಿದ್ದ ಫ್ಯಾನಿನ ಸದ್ದು ತೆಗೆಯಲು ಅಲ್ತಾಫ್ ಬೇಕಿತ್ತು. ಚಿಕ್ಕಮ್ಮನೂ ಜೊತೆಗೆ ಬಂದು ಕುರ್ಚಿಯಲ್ಲಿ ಕೂತಿದ್ದರು.

ಅಲ್ತಾಫ್ ಪ್ಲೇ ಒತ್ತಿದ. ಪದ ಎಳೆದೆಳೆದು, ತಗ್ಗಿದ ದನಿಯಲ್ಲಿ, ಬೇರೆ ಯಾರೋ ಹೆಂಗಸು ಹಾಡಿದಂತೆ ಬಂತು.

"ನೀನು ನಲವತ್ತೆಂಟು ಸಾವಿರದಲ್ಲಿ ಇಟ್ಟಿದೀಯ ಗುರು, ನಂದು ನಲವತ್ನಾಲ್ಕು ಅಂತ ಓದ್ತಿದೆ," ಎಂದು ಅವನು ನಕ್ಕ. ಸೆಕೆಂಡಿಗೆ ಎಷ್ಟು ಚೂರು ಮಾಡಿ ದನಿಯನ್ನು ಇಟ್ಟಿರುತ್ತೇವೋ ಅಷ್ಟೇ ಚೂರು ಓದಬೇಕು. ಕಡಿಮೆ ಓದಿದರೆ ಹಾಡು ನಿಧಾನವಾಗುತ್ತದೆ, ದನಿ ಇಳಿಯುತ್ತದೆ. ಸರಿಪಡಿಸಲು ಅವನು ಮೌಸಿಗೆ ಕೈ ಹಾಕಿದ.

"ಮುಟ್ಟಬ್ಯಾಡ ಕಣಪ್ಪ," ಎಂದರು ಚಿಕ್ಕಮ್ಮ. "ಅದು ನಮ್ಮಕ್ಕನ ದನಿ. ಇಂಗೇ ಇರ್ಲಿ."

"ಅಮ್ಮಾ, ಇದು ತಪ್ಪಾಗಿ ಓದ್ತಿರೋದು."

"ತಪ್ಪಾದ್ರೇನು, ಬಂದವ್ಳಲ್ಲ."

ಹೊಂದಾಣಿಕೆಯಾಗದ ಫೈಲುಗಳ ಬಗ್ಗೆ ಎಷ್ಟೋ ಓದಿಕೊಂಡಿದ್ದ ನಾವಿಬ್ಬರೂ ಆ ಫೈಲನ್ನು ಹಾಗೇ ಬಿಟ್ಟೆವು. ಅಲ್ತಾಫ್ ಫ್ಯಾನಿನ ಸದ್ದನ್ನಷ್ಟೇ ತೆಗೆದ.

ಮರುದಿನ ಮದುವೆ ಮನೆಗೆ ಸ್ಪೀಕರುಗಳನ್ನು ಅವನೇ ತಂದು ಹಾಕಿದ. ಪದ ಶುರುವಾದಾಗ ಕೆನ್ನೆಗೆಲ್ಲ ಅರಿಶಿನ ಮೆತ್ತಿಸಿಕೊಂಡಿದ್ದ ಕಾವ್ಯ ತಲೆಯೆತ್ತಿ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮನ ಗಂಟಲು ಕಟ್ಟಲಿಲ್ಲ. ಎರಡನೆಯ ಸಾಲಿಗೆ ಅವರೂ ದನಿಗೂಡಿಸಿದರು.

ಅದನ್ನು ಕೇಳಿದವರಲ್ಲಿ ಅಲ್ತಾಫ್ ಈಗ ಆರ್.ಟಿ. ನಗರದಲ್ಲಿದ್ದಾನೆ, ನನ್ನ ಸಾಫ್ಟ್‌ವೇರನ್ನು ಬೈದುಕೊಂಡು. ಕಾವ್ಯ ಹೆಬ್ಬಾಳದಲ್ಲಿದ್ದಾಳೆ. ಸಾವಿತ್ರಮ್ಮನೂ ಗಟ್ಟಿಯಾಗಿದ್ದಾರೆ. ಅಂದು ಹಾಡಿದವರು ಯಾರೆಂದು ಅವರನ್ನೇ ಕೇಳಿ ನೋಡಿ, ಮೊದಲು ಅಕ್ಕನ ಹೆಸರು ಹೇಳುತ್ತಾರೆ.