ಓನರ್ ಹೊರಗೆ ಹೋಗಿದ್ದಾರೆ

ಹೋದ ತಿಂಗಳು ಒಂದು ಶನಿವಾರ, ಬನಶಂಕರಿಯ ಶಾಲೆಯೊಂದರಲ್ಲಿ, ಒಂಬತ್ತು ವರ್ಷದ ಹುಡುಗಿಗೆ ಹಾಲ್ ತುಂಬ ಜನರ ಮುಂದೆ ಅವಮಾನ ಮಾಡಿದೆ. ಬೇಕೆಂದು ಮಾಡಿದ್ದಲ್ಲ. ಆದರೆ ಮೈಕು ನನ್ನ ಕೈಯಲ್ಲೇ ಇತ್ತು.

ಅದು ಫ್ಯಾನ್ಸಿ ಡ್ರೆಸ್ ಸ್ಪರ್ಧೆ. ನಾನು ಜಡ್ಜ್. (ವಾರಕ್ಕೊಂದು ಅಂಕಣ ಬರೆಯುವವರಿಗೆ ಇಂಥ ಯೋಗ ತಾನಾಗಿ ಒದಗಿ ಬರುತ್ತದೆ.) ಕತ್ತಿ ಹಿಡಿದ ರಾಣಿಯರು ನಾಲ್ಕು ಜನ ಬಂದುಹೋದರು. ಮೂವರು ನರ್ಸ್‌ಗಳು, ಇಬ್ಬರು ಭಾರತಮಾತೆಯರು, ಒಬ್ಬಳು ತರಕಾರಿಯವಳು. ಆಮೇಲೆ ನಾಗವೇಣಿ ಬಂದಳು. ನಾಲ್ಕನೇ ಕ್ಲಾಸು. ಮಾಮೂಲಿ ಹತ್ತಿ ಸೀರೆ, ಗಾಜಿಲ್ಲದ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಸ್ಕ್ರೂಡ್ರೈವರ್.

ಯಾರ ವೇಷವೆಂದು ನನಗೆ ಹೊಳೆಯಲಿಲ್ಲ.

"ಟೀಚರಾ ಪುಟ್ಟಿ?"

"ಅಲ್ಲ ಮಿಸ್."

"ಮತ್ತೆ? ರೇಡಿಯೋ ರಿಪೇರಿಯವಳಾ?"

"ಅಲ್ಲ ಮಿಸ್. ಓನರ್. ಫ್ಯಾಕ್ಟರಿ ಓನರ್."

ಅಲ್ಲಲ್ಲಿ ನಗು. ಅಷ್ಟಕ್ಕೇ ಬಿಡಬಹುದಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ? "ಓನರ್ ಅಂದ್ರೆ ಮೀಸೆ ಇರ್ಬೇಕಲ್ಲಮ್ಮ, ಎಲ್ಲಿ?" ಅಂದೆ. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹುಡುಗಿ ನಗಲಿಲ್ಲ. "ನಮ್ಮ ಮೇಡಂಗೆ ಮೀಸೆ ಇಲ್ಲ ಮಿಸ್," ಅಂದಳು. ಇನ್ನೂ ಜೋರು ನಗು. ಬಹುಮಾನ ಒಬ್ಬ ರಾಣಿಯ ಪಾಲಾಯಿತು.

ಕಾರ್ಯಕ್ರಮ ಮುಗಿಸಿ ಹೊರಗೆ ಬಂದರೆ, ಗೇಟಿನ ಹತ್ತಿರ ನಾಗವೇಣಿ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ಅಮ್ಮನ ಹೆಸರು ಜಯಮ್ಮ. ಆಕೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಅದೇ ಕಷ್ಟವಾಯಿತು.

"ಇಟ್ಟಮಡುನಲ್ಲಿ ನಾನು ಕೆಲ್ಸ ಮಾಡೋ ಫ್ಯಾಕ್ಟರಿ ಮೇಡಂ ಅಂದ್ರೆ ಇವ್ಳಿಗೆ ಪ್ರಾಣ. ಅವ್ರ ಥರಾನೇ ಸೀರೆ ಉಡ್ಸು ಅಂತ ಬೆಳಿಗ್ಗೆಯಿಂದ ಹಟ. ಈಗ ನೋಡಿದ್ರೆ ಸ್ಕೂಲಿಗೇ ಹೋಗಲ್ಲ ಅಂತಾಳೆ."

ಹೆಣ್ಣುಮಕ್ಕಳು ಮುಂದೆ ಬರಬೇಕು ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ? ಓದಿ ಓದಿ ನಿಮಗೇ ಬೇಸರ ಬಂದಿರಬಹುದು. ಒಬ್ಬಳು ನಿಜವಾಗಿ ಮುಂದೆ ಬಂದು ಸ್ಟೇಜಿನ ಮೇಲೆ ನಿಂತಾಗ ನಾನು ಮೀಸೆ ಕೇಳಿದೆ.

ಸೋಮವಾರ ಸಂಜೆ ಇಟ್ಟಮಡುವಿಗೆ ಹೋದೆ. ಬಸ್ಸಿಳಿದು ಮಣ್ಣುರಸ್ತೆಯಲ್ಲಿ ಅರ್ಧ ಮೈಲಿ ನಡೆದರೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು. ಹನ್ನೆರಡು ಹೆಂಗಸರು ಸಾಲಾಗಿ ಕೂತು ಮೆಷಿನ್‌ಗಳಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದರು. ನಿಮ್ಮ ಟೀವಿಯ ಪಕ್ಕ ಗುಂಯ್ ಅನ್ನುವ ಸ್ಟೆಬಿಲೈಸರ್ ಇದೆಯಲ್ಲ, ಅದರೊಳಗಿನ ಕಾಯಿಲ್ ಅದು.

ಮೂಲೆಯ ಮೇಜಿನ ಹಿಂದೆ ಸುಶೀಲ ಮೇಡಂ. ನಲವತ್ತರ ಆಸುಪಾಸು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಓದಿದವರು. ಆ ಕ್ಲಾಸಿಗೆ ಅವರೊಬ್ಬರೇ ಹುಡುಗಿಯಂತೆ. ಎರಡು ಮೆಷಿನ್ ಇಟ್ಟುಕೊಂಡು ಶುರು ಮಾಡಿ ಎಂಟು ವರ್ಷವಾಗಿದೆ. ಅವರ ಪಕ್ಕದ ಸ್ಟೂಲಿನ ಮೇಲೆ ನಾಗವೇಣಿ, ತೊಡೆಯ ಮೇಲೆ ಮಗ್ಗಿ ಪುಸ್ತಕ. ಅವತ್ತು ಅವಳು ಸ್ಕೂಲಿಗೆ ಹೋಗಿರಲಿಲ್ಲ.

"ನನ್ನಿಂದ ತಪ್ಪಾಯ್ತಮ್ಮ," ಅಂದೆ.

"ಪರ್ವಾಗಿಲ್ಲ ಮಿಸ್. ನಿಮ್ಗೆ ಗೊತ್ತಿರ್ಲಿಲ್ಲ."

ಇದಕ್ಕಿಂತ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಫೋನ್ ಬಂತು. ಸುಶೀಲ ಎತ್ತಿಕೊಂಡರು. "ಓನರ್ ಹೊರಗೆ ಹೋಗಿದಾರೆ ಸಾರ್. ಏನು ಬೇಕಾಗಿತ್ತು ಹೇಳಿ, ಅವ್ರಿಗೆ ತಿಳಿಸ್ತೀನಿ." ಹೆಸರು, ನಂಬರು ಬರೆದುಕೊಂಡು ಇಟ್ಟರು.

ನಾಗವೇಣಿ ಪುಸ್ತಕದಿಂದ ತಲೆಯೆತ್ತಿದಳು. "ಮೇಡಂ, ಓನರ್ ನೀವೇ ಅಲ್ವಾ?"

ಸುಶೀಲ ಉತ್ತರ ಹೇಳಿದ್ದು ನನಗೆ. "ಶುರುನಲ್ಲಿ ನಿಜಾನೇ ಹೇಳ್ತಿದ್ದೆ. ಓನರ್ ಲೇಡಿ ಅಂದ ತಕ್ಷಣ, ಆಮೇಲೆ ಮಾಡ್ತೀವಿ ಅಂತ ಇಟ್ಬಿಡೋರು. ಹೊರಗೆ ಹೋಗಿದಾರೆ ಅಂದ್ರೆ ಆರ್ಡರ್ ಕೊಡ್ತಾರೆ. ಎಂಟು ವರ್ಷದಿಂದ ನಾನು ಹೊರಗೇ ಇದೀನಿ ಮೇಡಂ."

ನಗುತ್ತಲೇ ಹೇಳಿದರು. ಹುಡುಗಿ ಮಾತ್ರ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಹಂಗಾದ್ರೆ ನಾನು ಸ್ಟೇಜ್ ಮೇಲೆ ಹೇಳಿದ್ದು ಸುಳ್ಳಾ?"

ಮೆಷಿನ್‌ಗಳು ಒಂದೊಂದಾಗಿ ನಿಂತವು. ಮಗಳನ್ನು ಗದರಿಸಲು ಜಯಮ್ಮ ಎದ್ದರು. ಬೇಡವೆಂದು ಸುಶೀಲ ಕೈ ಮಾಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬರೆದಿಟ್ಟ ನಂಬರ್ ನೋಡಿಕೊಂಡು ಡಯಲ್ ತಿರುಗಿಸಿದರು.

"ಈಗ ತಾನೆ ಫೋನ್ ಮಾಡಿದ್ರಲ್ಲ ಸಾರ್. ಓನರ್ ನಾನೇ. ಹೌದು, ನಾನೇ. ಇಲ್ಲ, ಯಜಮಾನ್ರು ಬೇರೆ ಕಡೆ ಕೆಲ್ಸದಲ್ಲಿದಾರೆ, ಅವ್ರಿಗೆ ಇದೆಲ್ಲ ಗೊತ್ತಾಗಲ್ಲ. ಮಾಲು ಯಾವಾಗ ಬೇಕು ಅಂತ ನನಗೇ ಹೇಳಿ."

ಆ ಕಡೆಯವರು ಏನಂದರೋ ನನಗೆ ಕೇಳಿಸಲಿಲ್ಲ. ಇವರು "ಸರಿ ಸಾರ್" ಅಂದು ಇಟ್ಟರು. "ಯೋಚ್ನೆ ಮಾಡಿ ಹೇಳ್ತಾರಂತೆ."

ಮೊನ್ನೆ ವಿಚಾರಿಸಿದೆ. ಆ ಆರ್ಡರ್ ಬರಲಿಲ್ಲ. (ಬಂತು ಅಂತ ಬರೆಯಲು ನನಗೂ ಆಸೆಯಿತ್ತು.) "ಹೋಗ್ಲಿ ಬಿಡಿ. ಆ ಮಗು ಮುಂದೆ ಕೂತ್ಕೊಂಡು ಇನ್ನೊಂದ್ಸಲ ಹಂಗೆ ಹೇಳಕ್ಕಾಗಲ್ಲ ನಂಗೆ," ಅಂದರು ಸುಶೀಲ. ಅವರು ಆಗಲೇ ಬೇರೆ ಗಿರಾಕಿಗಳನ್ನು ಹುಡುಕುತ್ತಿದ್ದಾರೆ. ನಾಗವೇಣಿ ಮಂಗಳವಾರವೇ ಸ್ಕೂಲಿಗೆ ಹೋದಳಂತೆ.

ನಮ್ಮ ಹುಡುಗಿಯರಿಗೆ ಮಾದರಿಗಳೇ ಇಲ್ಲ ಅಂತ ಸಭೆಗಳಲ್ಲಿ ಕೊರಗುತ್ತೇವೆ. ನಾನೂ ಕೊರಗಿದ್ದೇನೆ, ಹಾರ ಹಾಕಿಸಿಕೊಂಡು. ಸುಶೀಲರಂಥವರು ದೊಡ್ಡವರಾಗಿ ಬೆಳೆದ ಮೇಲೆ ಶಾಲೆಗೆ ಕರೆದು ಭಾಷಣ ಮಾಡಿಸುತ್ತೇವೆ, ಸರಿ. ಅವರು ಶೀಟಿನ ಶೆಡ್ಡಿನಲ್ಲಿ ಕೂತು ಕಾಯಿಲ್ ಸುತ್ತಿಸುತ್ತಿರುವಾಗ ಒಂಬತ್ತು ವರ್ಷದವಳಿಗೆ ಕಂಡದ್ದು ನನಗೆ, ಫೋನಿನ ಆಚೆಯ ಆ ಸಾರ್‌ಗೆ, ನಕ್ಕ ಆ ಹಾಲ್‌ಗೆ ಯಾಕೆ ಕಾಣಲಿಲ್ಲ?

ಹುಡುಗಿಯರ ಕಣ್ಣು ಚುರುಕಾಗಿಯೇ ಇದೆ. ಪರೀಕ್ಷೆ ಮಾಡಿಸಬೇಕಾದ್ದು ಯಾರ ಕಣ್ಣು?