ಕಾರೆ ಗಿಡಕ್ಕೆ ಕಟ್ಟಿದ ಸೀರೆಯಂಚು

ನಮ್ಮ ಊರಿನ ಅಂಚಿಗಿದ್ದ ಕುರುಚಲು ಗುಡ್ಡಕ್ಕೆ ತಂತಿ ಬೇಲಿ ಹಾಕಿ, ಕಲ್ಲುಹಾಸಿನ ದಾರಿ ಮಾಡಿ, ಬಾಗಿಲಲ್ಲಿ ಸಿಮೆಂಟಿನ ಜಿಂಕೆ ನಿಲ್ಲಿಸಿ ಕಾಡಿನ ಪಾರ್ಕು ಅಂದರು. ಬೆಳಿಗ್ಗೆ ಶುಗರು, ಬಿಪಿ ಇದ್ದವರು ಬರುತ್ತಾರೆ. ಮಧ್ಯಾಹ್ನ ಕಾಲೇಜಿನ ಜೋಡಿಗಳು. ಸಂಜೆ ಮಕ್ಕಳನ್ನು ಜೋಕಾಲಿಗೆ ಬಿಟ್ಟು ಮಂಡಕ್ಕಿ ತಿನ್ನುವವರು. ನಾವು ನಾಲ್ಕು ಜನ ಹೆಂಗಸರು ಸಂಜೆಯವರು. ನಾನು ಮಗಳ ಮನೆಯಲ್ಲಿದ್ದೇನೆ, ಮಿಕ್ಕ ಮೂವರೂ ಅದೇ ಬೀದಿಯವರು.

ಪಾರ್ಕಿನ ದಾರಿಗೆ ಎರಡು ತಿರುವು. ಎರಡನೇ ತಿರುವಿನಾಚೆ ಹಳೇ ಕಾಡು ಹಾಗೇ ಇದೆ. ಗಂಡಸರು ಅಲ್ಲಿಗೂ ಹೋಗುತ್ತಿದ್ದರು, ಹೆಂಗಸರು ತಿರುವಿನಿಂದಲೇ ವಾಪಸಾಗುತ್ತಿದ್ದೆವು. ಅಲ್ಲಿ ಏನಾದರೂ ಆಗಿತ್ತೇ ಅಂದರೆ ಏನೂ ಆಗಿರಲಿಲ್ಲ. ಒಬ್ಬಳು ನಿಂತರೆ ನಾಲ್ವರೂ ನಿಲ್ಲುತ್ತಿದ್ದೆವು, ಅಷ್ಟೇ.

ನಾನು ಹುಟ್ಟಿದ್ದು ಬಿಳಿಚೋಡು ಕಡೆಯ ಹಳ್ಳಿಯಲ್ಲಿ. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟು, ಕುಡುಗೋಲು ಹಿಡಿದು, ಇಂಥದೇ ಗುಡ್ಡದಲ್ಲಿ ಒಬ್ಬಳೇ ಸೌದೆ ಕಡಿದವಳು. ಆಗ ಕಾಡಿಗೆ ಹೆದರಿದ್ದು ನೆನಪಿಲ್ಲ. ಕಾಲಿಗೆ ಬೂಟು, ಕೈಗೆ ಫೋನು ಬಂದ ಮೇಲೆ ಹೆದರುವುದನ್ನು ಕಲಿತೆ.

ಒಂದು ಸಂಜೆ ಎರಡನೇ ತಿರುವಿನ ಕಾರೆ ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ಹಳೇ ಸೀರೆಯ ಅಂಚು. ಸೊಂಟದೆತ್ತರಕ್ಕೆ ಎರಡು ಸುತ್ತು ಸುತ್ತಿ ಒಂದೇ ಗಂಟು ಹಾಕಿತ್ತು. ನಮ್ಮಲ್ಲೊಬ್ಬಾಕೆಯ ಗಂಡ ಬ್ಯಾಂಕಿನಲ್ಲಿ ಇದ್ದವರು. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ಯಾವನೋ ಗುರುತಿಗೆ ಕಟ್ಟೋಗಿದಾನೆ ಕಣ್ರೀ. ಹೆಂಗಸರು ಇಲ್ಲಿ ತಿರುಗ್ತಾರೆ ಅಂತ." ಇನ್ನೊಬ್ಬಾಕೆ ಮಾಟ ಇರಬೇಕು, ಮುಟ್ಟಬೇಡಿ ಅಂದಳು.

ನಾನು ಮುಟ್ಟಿದೆ. ಮುಟ್ಟಿದ ಕೂಡಲೇ ಗೊತ್ತಾಯಿತು. ನಮ್ಮ ಹಳ್ಳಿಯಲ್ಲಿ ಸೌದೆಗೆ ಹೋದ ಹೆಂಗಸು ಕಾಡಿನೊಳಗೆ ಬಹಿರ್ದೆಸೆಗೆ ಕೂರಬೇಕಾದರೆ ದಾರಿಯ ಪಕ್ಕದ ಗಿಡಕ್ಕೆ ಹೀಗೇ ಕಟ್ಟಿ ಹೋಗುತ್ತಿದ್ದಳು. ಕುರಿ ಕಾಯುವ ಗಂಡಸರು ಅದನ್ನು ಕಂಡರೆ ಒಂದು ಸಲ ಕೆಮ್ಮಿ ಬೇರೆ ದಾರಿ ಹಿಡಿಯುತ್ತಿದ್ದರು. ಎಂಥ ಕುಡುಕನೂ ಆ ಗಂಟು ದಾಟಿದ್ದು ನಾನು ಕೇಳಿಲ್ಲ. ಹೊರಗೆ ಬಂದ ಮೇಲೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಮದುವೆಯಾಗಿ ಬರುವವರೆಗೂ ನಾನೂ ಕಟ್ಟಿದ್ದೇನೆ.

ಯಾರದು ಅನ್ನುವುದೂ ಗೊತ್ತಾಯಿತು. ಪಾರ್ಕು ಗುಡಿಸುವಾಕೆಯ ಸೊಂಟದಲ್ಲಿ ಆ ಚೂರನ್ನು ನೋಡಿದ್ದೆ. ಪಾರ್ಕಿನಲ್ಲಿ ಬಣ್ಣದ ಚಿತ್ರ ಬರೆದ ಶೌಚಾಲಯ ಇದೆ, ನೀರು ಬರುವುದಿಲ್ಲ ಎಂದು ಬೀಗ ಹಾಕಿದ್ದರು. ನಾವು ಒಂದು ಗಂಟೆ ನಡೆದು ಮನೆಗೆ ಹೋಗುವವರು. ಆಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಇರುವವಳು.

ಇಷ್ಟನ್ನು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಈ ಮೂವರ ಮುಂದೆ ನಾನು ಎಂದೋ ಒಂದು ಸುಳ್ಳು ಹೇಳಿದ್ದೆ: ನಮ್ಮಪ್ಪನ ಮನೆಯಲ್ಲಿ ಹಿತ್ತಿಲಬಾವಿ, ಬಚ್ಚಲು, ಕಕ್ಕಸು ಎಲ್ಲ ಇತ್ತು ಅಂತ. ಆ ಗಂಟಿನ ಅರ್ಥ ಹೇಳಿದರೆ ನಿಮಗೆ ಹೆಂಗೆ ಗೊತ್ತು ಅಂತ ಕೇಳುತ್ತಿದ್ದರು. ಸುಮ್ಮನಿದ್ದಿದ್ದರೂ ಬೇರೆ ಮಾತು. ನಾನು ಬಾಯಿ ಬಿಟ್ಟು, "ಹೌದು, ಇದ್ಯಾಕೋ ಸರಿ ಕಾಣಲ್ಲ, ನಡೀರಿ" ಅಂದೆ.

ಬ್ಯಾಂಕಿನವರ ಮನೆಯಾಕೆ ಫೋಟೋ ತೆಗೆದು ವಾಕಿಂಗಿನವರ ವಾಟ್ಸಾಪಿಗೆ ಹಾಕಿದಳು. ಮರುದಿನಕ್ಕೆ ಅದು ಕಳ್ಳರ ಗುರುತಾಯಿತು, ಅದರ ಮರುದಿನ ಮಕ್ಕಳ ಕಳ್ಳರದು. ಜೋಕಾಲಿ ಖಾಲಿಯಾದವು. ಪಾರ್ಕು ನೋಡಿಕೊಳ್ಳುವ ಆಫೀಸಿನ ಸಾಹೇಬರು ಬಂದು ಕಾವಲುಗಾರನಿಗೆ ಬೈದು ಹೋದರಂತೆ. ಅವನು ಹೊನ್ನಾಳಿ ಕಡೆಯವನು, ಅವನಿಗೆ ನಮ್ಮ ಕಡೆಯ ರೂಢಿ ಗೊತ್ತಿಲ್ಲ. ಇನ್ನಿಬ್ಬರು ಗಂಡಸರನ್ನು ಕರೆದುಕೊಂಡು ಹೊಂಚು ಹಾಕಿದ. ಬಟ್ಟೆ ಕಂಡ ತಕ್ಷಣ ಮೂವರೂ ಪೊದೆಯೊಳಗೆ ನುಗ್ಗಿದರು, ಒಬ್ಬ ಮೊಬೈಲು ಹಿಡಿದುಕೊಂಡೇ.

ಗಂಡಸರು ಬರದಿರಲಿ ಎಂದು ಕಟ್ಟಿದ ಬಟ್ಟೆ ಅದು. ಅದನ್ನು ನೋಡಿಕೊಂಡೇ ಬಂದರು.

ಆಕೆ ಸೀರೆ ಸರಿಮಾಡಿಕೊಳ್ಳುತ್ತ ಹೊರಗೆ ಓಡಿ ಬಂದದ್ದನ್ನು ಜೋಕಾಲಿ ಹತ್ತಿರ ಇದ್ದವರು ನೋಡಿದರಂತೆ. ಕೆಲವರು ನಕ್ಕರಂತೆ. ಜನರನ್ನು ಹೆದರಿಸಿದಳು, ಪಾರ್ಕು ಗಲೀಜು ಮಾಡಿದಳು ಎಂದು ಕೆಲಸದಿಂದ ಬಿಡಿಸಿದರು. ಇದನ್ನು ನನ್ನ ಮಗಳು ಊಟಕ್ಕೆ ಬಡಿಸುತ್ತ ಹೇಳಿದಳು. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡು ತಿಂದೆ. ಅದನ್ನೂ ಬರೆಯಬೇಕು.

ನಾಲ್ಕು ದಿನ ಬಿಟ್ಟು ಆಕೆಯ ಮನೆ ಹುಡುಕಿಕೊಂಡು ಹೋದೆ. ಹುಣಸೆಹಣ್ಣು ಕುಟ್ಟುತ್ತ ಕೂತಿದ್ದಳು. ಒಳಗೆ ಬರ್ರಿ ಅಂದಳು, ನೀರು ಕೊಟ್ಟಳು. ನಾನು ಏನೋ ಸುತ್ತಿ ಬಳಸಿ ಶುರು ಮಾಡಿದೆ. ಆಕೆ ಕುಟ್ಟುವುದನ್ನು ನಿಲ್ಲಿಸದೆ ಹೇಳಿದಳು:

"ಅವತ್ತು ನೀವು ಆ ಗಂಟು ಮುಟ್ಟಿದ್ರಲ್ಲಮ್ಮಾ, ನಾ ಒಳಗಿಂದ ನೋಡಿದೆ. ಮುಟ್ಟಿದ್ದ ನೋಡೇ ಗೊತ್ತಾತು, ಈಯಮ್ಮ ನಮ್ಮ ಕಡೇರು ಅಂತ. ಉಳಿದೋರನ್ನೂ ವಾಪಸ್ ಕರ್ಕಂಡು ಹೋದ್ರಿ. ಆಮೇಲೆ ಫೋಟೋ ವಿಷಯ ನನಗೂ ತಿಳೀತು. ಆದ್ರೂ ಕಟ್ಟಿದೆ. ನೀವು ಎಲ್ಲಾರಿಗೂ ಹೇಳಿರ್ತೀರಿ ಅಂದ್ಕಂಡೆ."

ಅಷ್ಟು ದೊಡ್ಡ ಗುಡ್ಡದಲ್ಲಿ ಆ ಹೆಂಗಸು ಧೈರ್ಯವಾಗಿ ಕೂತಿದ್ದು ನನ್ನನ್ನು ನಂಬಿಕೊಂಡು.

"ಹೇಳಲಿಲ್ಲವ್ವ," ಅಂದೆ.

"ಈಗ ಹೇಳ್ರಿ," ಅಂದಳು. "ಸಾಹೇಬ್ರ ಮುಂದೆ ಹೇಳ್ರಿ. ನಾ ಹೇಳಿದ್ರೆ ನೆಪ ಅಂತಾರೆ. ನನಗೆ ಆ ಕೆಲಸ ಬೇಕು."

ಮೊದಲು ನನ್ನ ಜೊತೆಯವರಿಗೇ ಹೇಳಿದೆ, ಪಾರ್ಕಿನ ಬೆಂಚಿನ ಮೇಲೆ, ಬಚ್ಚಲಿನ ಸುಳ್ಳನ್ನೂ ಸೇರಿಸಿ. ಬ್ಯಾಂಕಿನವರ ಮನೆಯಾಕೆ, "ಅವತ್ತೇ ಹೇಳಾಕೆ ಏನಾಗಿತ್ತು ಅಜ್ಜಿ ನಿಮಗೆ?" ಅಂದಳು. ಕೇಳುವ ಮಾತೇ. ಮಾಟ ಅಂದಿದ್ದಾಕೆ ಮಾತ್ರ ತಲೆ ಎತ್ತಲಿಲ್ಲ, ಚಪ್ಪಲಿಯ ಮಣ್ಣು ಕೆರೆಯುತ್ತ ಕೂತಳು. ಆಕೆಯ ತವರೂ ಹಳ್ಳಿಯೇ. ನಾನು ಏನೂ ಕೇಳಲಿಲ್ಲ.

ಸಾಹೇಬರ ಆಫೀಸಿಗೂ ಹೋದೆ. ನನ್ನ ಮೊಮ್ಮಗನ ವಯಸ್ಸಿನವರು. ನಾನು ಬಿಡಿಸಿ ಹೇಳುತ್ತಿದ್ದರೆ ಅವರು ಮೇಜಿನ ಗಾಜನ್ನೇ ನೋಡುತ್ತ, ಆಯ್ತಮ್ಮ, ಸಾಕು, ನೋಡೋಣ ಅಂದರು. ಶೌಚಾಲಯಕ್ಕೆ ನೀರು ಬಂತು, ಬೀಗ ತೆಗೆದರು. ಗುಡಿಸಲು ಮಾತ್ರ ಬೇರೆಯವಳನ್ನು ಹಾಕಿಕೊಂಡಿದ್ದಾರೆ. ನಮ್ಮ ಬೀದಿಯ ಹೆಂಗಸರು ಈಗ ಎರಡನೇ ತಿರುವು ದಾಟಿ ಹೋಗುತ್ತಾರೆ. ಯಾವ ಹೆದರಿಕೆಯೂ ಇಲ್ಲ, ಗಾಳಿ ಚೆನ್ನಾಗೈತೆ ಬರ್ರಿ ಅಂತ ಕರೆಯುತ್ತಾರೆ.

ನಾನು ಆ ಹೊತ್ತಿಗೆ ಆಫೀಸಿನ ಬೆಂಚಿನ ಮೇಲೆ ಇರುತ್ತೇನೆ. ಆರು ಸಲ ಆಯಿತು. ಸಂತೆಯಲ್ಲಿ ಸಿಕ್ಕಾಗಲೆಲ್ಲ ಆಕೆ ಸಾಹೇಬ್ರು ಏನಂದ್ರು ಅಂತ ಕೇಳುತ್ತಾಳೆ. ಮತ್ತೆ ಹೋಗ್ತೀನವ್ವ ಅನ್ನುತ್ತೇನೆ.